ಬಿಸಿನೆಸ್ ಪ್ಲಾನ್ ಬರೆಯಲು ಕೂತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಕೇಳಿದವರು:
ನಾನು ಮತ್ತು ನನ್ನ ಸ್ನೇಹಿತ ಸೇರಿ ಕಂಪನಿ ಶುರು ಮಾಡಬೇಕು ಅಂತಿದ್ದೇವೆ. ಹಳೇ ಲ್ಯಾಪ್‌ಟಾಪ್ ಕೊಂಡು, ರಿಪೇರಿ ಮಾಡಿ, ಆರು ತಿಂಗಳ ವಾರಂಟಿ ಕೊಟ್ಟು ಮಾರುವುದು. ರಿಪೇರಿ ಅವನದು, ಲೆಕ್ಕ ಮತ್ತು ಮಾರಾಟ ನನ್ನದು. ಸಾಲ ಕೇಳಲು ಹೋದರೆ ಬಿಸಿನೆಸ್ ಪ್ಲಾನ್ ತನ್ನಿ ಅಂದರು. ಒಂದು ಟೆಂಪ್ಲೇಟ್ ಇಳಿಸಿಕೊಂಡೆ, 40 ಪುಟ. ಮೂರು ವಾರ ಆಯ್ತು, ಇನ್ನೂ 'ನಮ್ಮ ಧ್ಯೇಯ' ಅನ್ನೋ ಪುಟದಲ್ಲೇ ಇದ್ದೇನೆ. ನೀವೆಲ್ಲ ಹೇಗೆ ಬರೆದಿರಿ? ಯಾವುದು ಕೆಲಸಕ್ಕೆ ಬಂತು, ಯಾವುದು ದಂಡ?

ರಟ್ಟಿನ ಪೆಟ್ಟಿಗೆ ಮಾಡುವವರು:
ಧ್ಯೇಯ ಆಮೇಲೆ ಬರೆಯಿರಿ ಸರ್. ಮೊದಲು ಒಂದು ಶೀಟ್ ತೆಗೆದು 12 ತಿಂಗಳಿಗೆ 12 ಕಾಲಂ ಹಾಕಿ. ಪ್ರತಿ ತಿಂಗಳು ಕೈಗೆ ಬರುವ ದುಡ್ಡು, ಕೈಯಿಂದ ಹೋಗುವ ದುಡ್ಡು. ಅಷ್ಟೇ.

ನಾನು ಯಾಕೆ ಹೀಗೆ ಹೇಳ್ತೀನಿ ಅಂದ್ರೆ, ನಮ್ಮ ಪ್ಲಾನ್‌ನಲ್ಲಿ ಲಾಭ ನಷ್ಟದ ಪಟ್ಟಿ ಚೆನ್ನಾಗೇ ಇತ್ತು. ಕಾಗದದ ಮಿಲ್‌ಗೆ ಲೋಡ್ ಬರುವ ಮೊದಲೇ ದುಡ್ಡು ಕಟ್ಟಬೇಕಿತ್ತು. ಪೆಟ್ಟಿಗೆ ಮಾಡಿ ಕಳಿಸಲು 10 ದಿನ. 60 ದಿನಕ್ಕೆ ಕೊಡ್ತೀವಿ ಅಂತ ಬರೆದುಕೊಟ್ಟ ಗಿರಾಕಿ 90ಕ್ಕೆ ಕೊಟ್ಟರು. ಅಂದರೆ ನಾವು ಹಾಕಿದ ದುಡ್ಡು ತಿರುಗಿ ಬರಲು 100 ದಿನ. ಏಳನೇ ತಿಂಗಳಲ್ಲಿ ಆರ್ಡರ್ ಡಬಲ್ ಆಯ್ತು, ಕುಣಿದಾಡಿದೆವು. ಡಬಲ್ ಆರ್ಡರ್‌ಗೆ ಡಬಲ್ ಕಾಗದ ಬೇಕಲ್ವಾ? ಅದೂ ಈಗಲೇ. ಆ ತಿಂಗಳ ಲೆಕ್ಕದಲ್ಲಿ ಒಳ್ಳೇ ಲಾಭ, ಸಂಬಳದ ದಿನ ಖಾತೆ ಖಾಲಿ. ನನ್ನ ಹೆಂಡತಿಯ ಉಳಿತಾಯ ತಂದು ಸಂಬಳ ಕೊಟ್ಟೆ. ಆ ಮಾತು ಮನೆಯಲ್ಲಿ ಈಗಲೂ ಬರುತ್ತೆ.

ಹಾಗಾಗಿ ಶೀಟ್‌ನಲ್ಲಿ ಬಿಲ್ ಹಾಕಿದ ತಿಂಗಳು ಬರೆಯಬೇಡಿ, ದುಡ್ಡು ಬಂದ ತಿಂಗಳು ಬರೆಯಿರಿ. ಸಾಲದ ಅಸಲಿನ ಕಂತು ಲಾಭ ನಷ್ಟದ ಪಟ್ಟಿಯಲ್ಲಿ ಕಾಣೋದಿಲ್ಲ, ಇಲ್ಲಿ ಕಾಣಬೇಕು. ಸವಕಳಿ (ಯಂತ್ರ ಹಳೆಯದಾದಂತೆ ಇಳಿಯುವ ಬೆಲೆಯನ್ನು ಖರ್ಚು ಅಂತ ಬರೆಯೋದು) ಇದಕ್ಕೆ ಉಲ್ಟಾ: ಅಲ್ಲಿರುತ್ತೆ, ಇಲ್ಲಿ ಬರೋದಿಲ್ಲ. ನಿಮ್ಮಿಬ್ಬರ ಸಂಬಳವನ್ನೂ ಹಾಕಿ, ತೆಗೆದುಕೊಳ್ಳದೇ ಇದ್ದರೂ. ಕೆಳಗೆ ತಿಂಗಳ ಕೊನೆಯ ಬಾಕಿ, ಅಂದರೆ ಕೈಯಲ್ಲಿ ಉಳಿದ ದುಡ್ಡು, ಬರೆಯುತ್ತಾ ಹೋಗಿ. ಮೊದಲ ಬಾಕಿ ಸೊನ್ನೆ ಅಂತ ಇಟ್ಟುಕೊಂಡರೆ ಅದು ಒಂದು ಕಡೆ ಮೈನಸ್‌ಗೆ ಇಳಿದು ಇಳಿದು ಆಮೇಲೆ ಏರುತ್ತೆ. ಎಲ್ಲಕ್ಕಿಂತ ಆಳಕ್ಕೆ ಇಳಿದ ಅಂಕಿ ಯಾವುದೋ, ನಿಮಗೆ ಬೇಕಾದ ಬಂಡವಾಳ ಅಷ್ಟು. ಅದರ ಮೇಲೆ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ. ಏರೋದೇ ಇಲ್ಲ ಅಂದ್ರೆ ಅದೂ ಒಂದು ಉತ್ತರ.

ಸಾಲದ ಅರ್ಜಿ ನೋಡುತ್ತಿದ್ದವರು:
ಪೆಟ್ಟಿಗೆಯವರು ಹೇಳಿದ್ದು ಸರಿ. ನಾನು ಹಲವು ವರ್ಷ ಈ ಪ್ಲಾನ್‌ಗಳನ್ನು ಓದಿದವಳು. 40 ಪುಟ ಯಾರೂ ಓದೋದಿಲ್ಲ. ಒಂದು ಪುಟದ ಸಾರಾಂಶ ನೋಡ್ತೀವಿ, ಆಮೇಲೆ ನೇರ ಹಿಂದಕ್ಕೆ, ಅಂಕಿಗಳ ಪುಟಕ್ಕೆ. ಸಾರಾಂಶ ಮೊದಲ ಪುಟದಲ್ಲಿ ಇರುತ್ತೆ, ಆದರೆ ಅದನ್ನು ಕೊನೆಗೆ ಬರೆಯಬೇಕು. ಮೂರು ವಾರ ಸಿಕ್ಕಿಹಾಕಿಕೊಂಡಿದ್ದು ಅದಕ್ಕೇ.

ಸಾಲ ಕೊಡುವವರಿಗೆ ನಿಮ್ಮ ಕನಸು ಎಷ್ಟು ದೊಡ್ಡದು ಅನ್ನೋದು ಮುಖ್ಯ ಅಲ್ಲ, ಕಂತು ಕಟ್ಟುತ್ತೀರಾ ಅನ್ನೋದು ಮುಖ್ಯ. ವರ್ಷಕ್ಕೆ ಅಸಲು ಬಡ್ಡಿ ಸೇರಿ 100 ಕಟ್ಟಬೇಕಿದ್ದರೆ, ವ್ಯವಹಾರದಲ್ಲಿ 125ರಷ್ಟಾದರೂ ಉಳಿಯಬೇಕು ಅಂತ ಸಾಮಾನ್ಯವಾಗಿ ನೋಡ್ತಾರೆ. ಪಾಲು ತೆಗೆದುಕೊಳ್ಳುವ ಹೂಡಿಕೆದಾರರು ಬೇರೆ ಥರ, ಅವರಿಗೆ ಬೆಳವಣಿಗೆ ಬೇಕು. ಇಬ್ಬರಿಗೂ ಒಂದೇ ಪ್ಲಾನ್ ಕೊಡಬೇಡಿ.

ನನಗೆ ಸಿಟ್ಟು ಬರಿಸುತ್ತಿದ್ದ ಒಂದು ಸಾಲು ಇದೆ: "ಇಡೀ ಮಾರುಕಟ್ಟೆಯಲ್ಲಿ ಬರೀ 1% ಸಿಕ್ಕರೂ ಸಾಕು." ಆ 1% ಅಂದ್ರೆ ಯಾರು? ಅವರಿಗೆ ನಿಮ್ಮ ಹೆಸರು ಹೇಗೆ ಗೊತ್ತಾಗುತ್ತೆ? ದಿನಕ್ಕೆ ಎಷ್ಟು ಜನ ವಿಚಾರಿಸ್ತಾರೆ, ಅದರಲ್ಲಿ ಎಷ್ಟು ಜನ ಕೊಳ್ತಾರೆ? ಕೆಳಗಿನಿಂದ ಎಣಿಸಿಕೊಂಡು ಬನ್ನಿ. ಮಾರಾಟ ತಿಂಗಳು ತಿಂಗಳು ಸರಿಯಾಗಿ 10% ಏರುವ ಪಟ್ಟಿ ಕಂಡರೆ, ಒಂದು ಸೆಲ್‌ನಲ್ಲಿ ಬರೆದು ಎಳೆದಿದ್ದಾರೆ ಅಂತ ನಮಗೆ ಗೊತ್ತಾಗುತ್ತೆ. "ನಮಗೆ ಪೈಪೋಟಿಯೇ ಇಲ್ಲ" ಅಂತಲೂ ಬರೆಯಬೇಡಿ. ಹೊಸ ಲ್ಯಾಪ್‌ಟಾಪ್ ಕಂತಿನಲ್ಲಿ ಸಿಗೋದೂ ನಿಮಗೆ ಪೈಪೋಟಿಯೇ.

ಪ್ಲಾನ್ ಇಲ್ಲದೆ ಶುರು ಮಾಡಿದವರು:
ನಾನು ಸ್ವಲ್ಪ ಒಪ್ಪಲ್ಲ. ಏನೂ ಮಾರದೆ 12 ತಿಂಗಳ ಅಂಕಿ ಬರೆದರೆ ಅದೂ ಕಥೆಯೇ ಅಲ್ವಾ? ನಾನು ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್ ಬಳಸಿದೆ. ಅಲೆಕ್ಸಾಂಡರ್ ಓಸ್ಟರ್‌ವಾಲ್ಡರ್ ಅನ್ನುವವರು ಮಾಡಿದ್ದು, ಒಂದೇ ಹಾಳೆ, 9 ಚೌಕ. ಗಿರಾಕಿ ಯಾರು, ಅವರಿಗೆ ಏನು ಕೊಡ್ತೀರಿ, ಹೇಗೆ ತಲುಪ್ತೀರಿ, ದುಡ್ಡು ಎಲ್ಲಿಂದ, ಖರ್ಚು ಎಲ್ಲಿ, ಹೀಗೆ. ಒಂದು ಸಂಜೆ ಸಾಕು. ಪೆನ್ಸಿಲ್‌ನಲ್ಲಿ ಬರೆಯಿರಿ, ಅಳಿಸಬೇಕಾಗುತ್ತೆ.

ಆಮೇಲೆ ಐದು ಲ್ಯಾಪ್‌ಟಾಪ್ ಮಾರಿ ನೋಡಿ. ನಿಮಗೆ ಪರಿಚಯ ಇಲ್ಲದವರಿಗೆ. ಸ್ನೇಹಿತರು ದಾಕ್ಷಿಣ್ಯಕ್ಕೆ ಕೊಳ್ತಾರೆ, ಅದು ಲೆಕ್ಕಕ್ಕಿಲ್ಲ. ಆ ಐದರಲ್ಲಿ ಎಷ್ಟರ ಬ್ಯಾಟರಿ ಬದಲಾಯಿಸಿದಿರಿ, ಎಷ್ಟು ವಾಪಸ್ ಬಂತು ಅನ್ನೋದನ್ನು ಶೀಟ್‌ಗೆ ಹಾಕಿ. (ನಿಜ ಹೇಳಬೇಕಂದ್ರೆ ನಾನು ಶೀಟ್ ಮಾಡಿದ್ದು ನಾಲ್ಕು ತಿಂಗಳಾದ ಮೇಲೆ, ಪೆಟ್ಟು ತಿಂದು. ಇನ್ನೂ ಬೇಗ ಮಾಡಬೇಕಿತ್ತು.)

ಇನ್ನೊಬ್ಬರು:
ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ಇಬ್ಬರ ನಡುವಿನ ಒಪ್ಪಂದ ಬರೆದಿಡಿ. ನಾವು ಅರ್ಧ ಅರ್ಧ ಪಾಲು ಅಂದೆವು, ಎಂಟನೇ ತಿಂಗಳಿಗೆ ಅವನಿಗೆ ಕೆಲಸ ಸಿಕ್ಕಿ ಹೋದ. ಅರ್ಧ ಪಾಲು ಅವನ ಹತ್ತಿರವೇ ಉಳಿಯಿತು. ಪಾಲು ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೈಗೆ ಬರುವ ಹಾಗೆ, ಮೊದಲ ವರ್ಷ ಮುಗಿಯುವ ಮುಂಚೆ ಬಿಟ್ಟರೆ ಏನೂ ಇಲ್ಲದ ಹಾಗೆ ಬರೆಯುವ ಪದ್ಧತಿ ಇದೆ. ನನಗೆ ಆಗ ಗೊತ್ತಿರಲಿಲ್ಲ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಎರಡು ರಾತ್ರಿ ಕೂತು ಶೀಟ್ ಮಾಡಿದೆವು. ಮಾರಿದರೂ ಮಾರದಿದ್ದರೂ ಹೋಗುವ ಖರ್ಚು ತಿಂಗಳಿಗೆ 60,000. ಕೊಂಡ ಬೆಲೆ, ಬಿಡಿಭಾಗ, ವಾರಂಟಿ ಎಲ್ಲ ಕಳೆದು ಒಂದಕ್ಕೆ ಉಳಿಯೋದು 2,500. ಅಂದರೆ ಅಸಲು ಹುಟ್ಟಲು ತಿಂಗಳಿಗೆ 24 ಮಾರಬೇಕು. ಇಷ್ಟು ದಿನ 24 ಗಿರಾಕಿ ಸಿಗ್ತಾರಾ ಅನ್ನೋದೇ ಚಿಂತೆ ಆಗಿತ್ತು. ಸುಮ್ನೆ ಸ್ನೇಹಿತನನ್ನ ಕೇಳಿದೆ, ಒಂದಕ್ಕೆ ಎಷ್ಟು ಹೊತ್ತು ಬೇಕು ಅಂತ. ಬಿಚ್ಚಿ, ಧೂಳು ತೆಗೆದು, ಭಾಗ ಬದಲಾಯಿಸಿ, ಸಾಫ್ಟ್‌ವೇರ್ ಹಾಕಿ, ರಾತ್ರಿಯೆಲ್ಲ ಓಡಿಸಿ ನೋಡಲು ಒಂದೂವರೆ ದಿನ ಅಂದ. 26 ಕೆಲಸದ ದಿನಕ್ಕೆ 17. ಗಿರಾಕಿ ಸಾಲುಗಟ್ಟಿ ನಿಂತರೂ ನಾವು ನಷ್ಟದಲ್ಲೇ ಇರ್ತಿದ್ದೆವು!

ಈಗ ಒಂದೇ ಮಾಡೆಲ್‌ನವು ಒಟ್ಟಿಗೆ ಕೊಂಡು, ಸಣ್ಣ ಆಫೀಸ್‌ಗಳಿಗೆ ಹತ್ತು ಹತ್ತು ಮಾರುವ ಯೋಚನೆ. ಒಂದೇ ಥರದವಾದರೆ ದಿನಕ್ಕೊಂದು ಮಾಡಬಲ್ಲೆ ಅಂತಾನೆ. ಅದನ್ನೂ ಐದು ಮಾಡಿಸಿ, ಗಡಿಯಾರ ಹಿಡಿದು ನೋಡ್ತೀನಿ.

ರಟ್ಟಿನ ಪೆಟ್ಟಿಗೆ ಮಾಡುವವರು:
ಆ ಆಫೀಸ್‌ನವರು ದುಡ್ಡು ಎಷ್ಟು ದಿನಕ್ಕೆ ಕೊಡ್ತಾರಂತೆ?

ಕೇಳಿದವರು:
45 ಅಂದರು ಸರ್. ಶೀಟ್‌ನಲ್ಲಿ 75 ಹಾಕಿದ್ದೀನಿ.