ಅಥೆನ್ಸ್ ಬಾಗಿಲು ಹಾಕುವುದು ಜನವರಿಯಲ್ಲಲ್ಲ, ಅಕ್ಕ

ಅಕ್ಕ, ನಮ್ಮ ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಜನವರಿ ಕೊನೆಗೆ ಪುಟ್ಟಿಯನ್ನು ನೋಡಲು ಜರ್ಮನಿಗೆ ಬರುತ್ತೀರಿ. ಹಾಗೇ ಅಥೆನ್ಸ್‌ಗೂ ಹೋಗಿಬರೋಣ ಅಂತ ಅವಳು ಹಟ ಹಿಡಿದಿದ್ದಾಳೆ. ಭಾವ ಮಾತ್ರ "ಚಳಿಗಾಲದಲ್ಲಿ ಅಲ್ಲೆಲ್ಲ ಬಾಗಿಲು ಹಾಕಿರುತ್ತಂತೆ, ದುಡ್ಡು ದಂಡ" ಅನ್ನುತ್ತಿದ್ದಾರೆ. ಜೊತೆಗೆ ನಿಮ್ಮ ಅತ್ತೆಯವರ ಮೊಣಕಾಲು, ಅವರ ಊಟದ ಚಿಂತೆ ಬೇರೆ. ಇಷ್ಟೇ ತಾನೇ? ನಾವು ಜನವರಿಯಲ್ಲೇ ಹೋಗಿದ್ದರಿಂದ ಗೊತ್ತಿರುವುದನ್ನೆಲ್ಲ ಹೇಳಿಬಿಡುತ್ತೇನೆ. ದೊಡ್ಡಮ್ಮ, ಉದ್ದ ಆಯ್ತು ಅಂತ ಬೈಯಬೇಡಿ, ಸಾಕು ಅನ್ನಿಸಿದ ಕಡೆ ನಿಲ್ಲಿಸಿ.

ಭಾವ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಸ್ಯಾಂಟೊರಿನಿಗೋ ಮಿಕೊನೋಸ್‌ಗೋ ಹೋದವರು ಯಾರೋ ಹೇಳಿರಬೇಕು. ಆ ದ್ವೀಪಗಳಲ್ಲಿ ಚಳಿಗಾಲ ಬಂತೆಂದರೆ ಹೆಚ್ಚಿನ ಹೋಟೆಲ್‌ಗಳಿಗೆ ಬೀಗ. ಹಡಗುಗಳೂ ಕಡಿಮೆ. ಗಾಳಿ ಜೋರಾದರೆ ಇರುವ ಹಡಗನ್ನೂ ಬಂದರಿನಿಂದ ಬಿಡುವುದಿಲ್ಲ. ಆದರೆ ಅಥೆನ್ಸ್ ಕತೆ ತಿರುಗಾಮುರುಗಾ. ಅದು ಬಾಗಿಲು ಹಾಕುವುದು ಆಗಸ್ಟ್‌ನಲ್ಲಿ. ಆಗಸ್ಟ್ 15 ಅಲ್ಲಿ ಮೇರಿ ಮಾತೆಯ ದೊಡ್ಡ ಹಬ್ಬ. ಆ ಹೊತ್ತಿಗೆ ಊರಿನವರೆಲ್ಲ ಹಳ್ಳಿ, ದ್ವೀಪ ಅಂತ ಹೊರಟುಬಿಡುತ್ತಾರೆ. ಓಣಿಯ ಚಿಕ್ಕ ಚಿಕ್ಕ ಊಟದ ಮನೆಗಳ ಬಾಗಿಲಿಗೆ "ರಜೆ" ಅಂತ ಚೀಟಿ. ಬಿಸಿಲಲ್ಲಿ ಬೇಯುತ್ತಾ ಓಡಾಡುವವರು ಪ್ರವಾಸಿಗರು ಮಾತ್ರ. ಜನವರಿಯಲ್ಲಿ ಊರಿನವರೆಲ್ಲ ಊರಲ್ಲೇ ಇರುತ್ತಾರೆ. ಶಾಲೆ, ಆಫೀಸು, ನಾಟಕ, ಸಂತೆ ಎಲ್ಲ ನಡೆಯುತ್ತಿರುತ್ತದೆ.

ರೆಬೆಟಿಕೊ ಅಂತ ಅವರ ಹಳೆಯ ಹಾಡುಗಳಿವೆ. 1922ರಲ್ಲಿ ಏಷ್ಯಾ ಮೈನರ್ (ಈಗಿನ ಟರ್ಕಿ) ಕಡೆಯಿಂದ ಎಲ್ಲ ಕಳೆದುಕೊಂಡು ಬಂದ ನಿರಾಶ್ರಿತರ ಜೊತೆ ಬೆಳೆದ ಸಂಗೀತ ಅದು. ಬೂಜುಕಿ ಅನ್ನುವ ತಂತಿ ವಾದ್ಯ ಇಟ್ಟುಕೊಂಡು ಹೋಟೆಲ್‌ನಲ್ಲೇ ಕೂತು ಹಾಡುತ್ತಾರೆ. ಅದರ ಸೀಸನ್ನೇ ಚಳಿಗಾಲ. ಪಕ್ಕದ ಟೇಬಲ್‌ನ ಅಜ್ಜ ಎದ್ದು ಕೈ ಚಾಚಿ ಒಬ್ಬನೇ ಕುಣಿಯುವುದನ್ನು ನೋಡಬೇಕು ನೀನು. ಯಾರಿಗೂ ತೋರಿಸಲಿಕ್ಕಲ್ಲ, ತನ್ನ ಪಾಡಿಗೆ ತಾನು. ಭಾವನಿಗೆ ಇದು ಹಿಡಿಸುತ್ತದೆ, ಬರೆದುಕೊಡುತ್ತೇನೆ. ಆದರೆ ಶುರುವಾಗುವುದೇ ರಾತ್ರಿ ಹತ್ತರ ಮೇಲೆ. ಅತ್ತೆಯವರನ್ನು ಮಲಗಿಸಿ ಹೋಗಿ.

ಈಗ ಚಳಿ. ಜನವರಿಯಲ್ಲಿ ಹಗಲು ಸುಮಾರು 13 ಡಿಗ್ರಿ, ರಾತ್ರಿ 7ರ ಹತ್ತಿರ. ಜರ್ಮನಿಯಿಂದ ಬರುವ ಪುಟ್ಟಿಗೆ ಇದು ವಸಂತ ಕಾಲ. ಬೆಂಗಳೂರಿಂದ ಬರುವ ನಿಮಗೆ ಚಳಿಯೇ. ಹಿಮ ಅಪರೂಪ, 2021 ಮತ್ತು 2022ರಲ್ಲಿ ಬಿದ್ದು ಇಡೀ ಊರು ನಿಂತುಹೋಗಿತ್ತು. ಮಳೆ ಬರಬಹುದು, ಆದರೆ ದಿನಗಟ್ಟಲೆ ಹಿಡಿದುಕೊಳ್ಳುವುದು ಕಡಿಮೆ. ಇನ್ನೊಂದು ಇದೆ. ಚಳಿಗಾಲದ ನಡುವೆ ಇದ್ದಕ್ಕಿದ್ದ ಹಾಗೆ ಗಾಳಿ ನಿಂತು, ಆಕಾಶ ತಿಳಿಯಾಗಿ, ಬೆಚ್ಚಗಿನ ಬಿಸಿಲು ಬೀಳುವ ಕೆಲವು ದಿನಗಳು ಬರುತ್ತವೆ. ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ಯಾವಾಗ ಬೇಕಾದರೂ ಬರಬಹುದು, ಜನವರಿಯಲ್ಲಿ ಜಾಸ್ತಿ. ಅದಕ್ಕೊಂದು ಪುರಾಣ. ಗಾಳಿಯ ಒಡೆಯ ಇಯೋಲಸ್‌ನ ಮಗಳು ಅಲ್ಸಿಯೋನಿ. ಗಂಡ ಸಮುದ್ರದಲ್ಲಿ ಮುಳುಗಿ ಸತ್ತಾಗ ಅವಳೂ ಹಾರಿಬಿಡುತ್ತಾಳೆ. ದೇವತೆಗಳು ಕನಿಕರಪಟ್ಟು ಅವಳನ್ನು ಮಿಂಚುಳ್ಳಿ ಹಕ್ಕಿ ಮಾಡುತ್ತಾರೆ. ಆ ಮಿಂಚುಳ್ಳಿ ಮೊಟ್ಟೆ ಇಡುವುದು ಕಡಲಂಚಿನಲ್ಲಿ, ಅದೂ ನಡು ಚಳಿಗಾಲದಲ್ಲಂತೆ. ಮಗಳ ಗೂಡು ಅಲೆಗೆ ಕೊಚ್ಚಿಹೋಗದಿರಲಿ ಅಂತ ಅಪ್ಪ ಆ ಕೆಲವು ದಿನ ಗಾಳಿಯನ್ನು ಕಟ್ಟಿಹಾಕುತ್ತಾನಂತೆ. ಇವತ್ತಿಗೂ ಟಿವಿಯಲ್ಲಿ ಹವಾಮಾನ ಹೇಳುವವರು ಆ ದಿನಗಳನ್ನು ಮಿಂಚುಳ್ಳಿಯ ಹೆಸರಿಂದಲೇ ಕರೆಯುತ್ತಾರೆ. ನಮಗೆ ಅಂಥ ದಿನ ಸಿಕ್ಕಿತ್ತು. ಕೋಟು ತೆಗೆದು ತೋಳಿನ ಮೇಲೆ ಹಾಕಿಕೊಂಡು ಓಡಾಡಿದೆವು. ಹೊರಗಡೆ ಕುರ್ಚಿ ಹಾಕಿದ್ದ ಕಾಫಿ ಅಂಗಡಿಗಳಲ್ಲಿ ಜಾಗವೇ ಇರಲಿಲ್ಲ, ಅಷ್ಟು ಜನ.

ಹೊರಗಿನ ಚಳಿಗಿಂತ ಒಳಗಿನ ಚಳಿಗೆ ಹೆದರು. ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದೇನೆ. ನಾವು ಅಪಾರ್ಟ್‌ಮೆಂಟ್ ಹಿಡಿದಿದ್ದೆವು. ಫೋಟೋದಲ್ಲಿ ಬಿಳಿ ಗೋಡೆ, ಬಾಲ್ಕನಿಯಿಂದ ಆಕ್ರೊಪೊಲಿಸ್ ಬೆಟ್ಟ, ಎಲ್ಲ ಚೆಂದ. ಹೋಗಿ ಹೀಟರ್ ಮುಟ್ಟಿದರೆ ತಣ್ಣಗಿದೆ. ಅಲ್ಲಿನ ಹಳೇ ಕಟ್ಟಡಗಳಲ್ಲಿ ಇಡೀ ಬಿಲ್ಡಿಂಗ್‌ಗೆ ಒಂದೇ ಬಾಯ್ಲರ್, ಎಲ್ಲರೂ ಸೇರಿ ದುಡ್ಡು ಹಾಕಿ ಎಣ್ಣೆ ತುಂಬಿಸಬೇಕು. ಹಾಗಾಗಿ ಹೊತ್ತು ನಿಗದಿ ಮಾಡಿ ಓಡಿಸುತ್ತಾರೆ. ನಮ್ಮಲ್ಲಿ ಸಂಜೆ ಸ್ವಲ್ಪ ಹೊತ್ತು ಪೈಪು ಕಟಕಟ ಅಂತ ಶಬ್ದ ಮಾಡಿ ಬಿಸಿಯಾಗುತ್ತಿತ್ತು, ಮಲಗುವ ಹೊತ್ತಿಗೆ ಆರಿಹೋಗುತ್ತಿತ್ತು. ನೆಲ ಮೊಸಾಯಿಕ್, ಕಾಲಿಟ್ಟರೆ ಜುಮ್ ಅನ್ನುತ್ತದೆ. ಮನೆಯವರು ಒಳ್ಳೆಯವರೇ, ಕೇಳಿದ್ದಕ್ಕೆ ಇನ್ನೊಂದು ಕಂಬಳಿ ತಂದುಕೊಟ್ಟರು. ಅತ್ತೆಯವರು ಜೊತೆಗಿದ್ದಾರೆ, ಸುಮ್ನೆ ಹೋಟೆಲ್ ಹಿಡಿಯಿರಿ. ಚಳಿಗಾಲದಲ್ಲಿ ಬಾಡಿಗೆ ಹೇಗೂ ಇಳಿದಿರುತ್ತದೆ. ಅಪಾರ್ಟ್‌ಮೆಂಟೇ ಬೇಕೆಂದರೆ "ಬಿಸಿಮಾಡುವ ಎಸಿ ರೂಮಿನೊಳಗೇ ಇದೆಯಾ, ನಾವೇ ಹಾಕಿಕೊಳ್ಳಬಹುದಾ" ಅಂತ ಮೊದಲೇ ಬರೆದು ಕೇಳಿ. ಅತ್ತೆಯವರಿಗೆ ಉಣ್ಣೆ ಕಾಲುಚೀಲ ಎರಡು ಜೊತೆ ಜಾಸ್ತಿ ಇಟ್ಟುಕೋ.

ಆಕ್ರೊಪೊಲಿಸ್ ವಿಷಯಕ್ಕೆ ಬರುತ್ತೇನೆ. ಬೇಸಿಗೆಯಲ್ಲಿ ಅಲ್ಲಿ ಎಷ್ಟು ಜನ ಅಂದರೆ 2023ರಿಂದ ದಿನಕ್ಕೆ 20,000 ಜನ ಅಂತ ಮಿತಿ ಹಾಕಿ, ಗಂಟೆ ಗಂಟೆಗೆ ಲೆಕ್ಕ ಹಾಕಿ ಬಿಡುತ್ತಿದ್ದಾರೆ. ಬಿಸಿಲು ತೀರಾ ಏರಿದ ದಿನ ಮಧ್ಯಾಹ್ನ ಮುಚ್ಚಿಯೇ ಬಿಡುತ್ತಾರೆ. ನಾವು ಹೋದಾಗ ಬೆಳಗ್ಗೆ ಎಂಟಕ್ಕೆ ಗೇಟಿನ ಮುಂದೆ ನಾವು, ಒಂದಿಷ್ಟು ಶಾಲೆ ಮಕ್ಕಳು, ಒಂದು ದಪ್ಪ ಬೆಕ್ಕು. ಮೇಲಿರುವ ಹಳೇ ಗುಡಿ ಪಾರ್ಥೆನಾನ್ ಮುಂದೆ ನಿಂತು ಒಂದು ಕಂಬವನ್ನು ಬುಡದಿಂದ ತುದಿವರೆಗೆ ನಿಧಾನಕ್ಕೆ ನೋಡಬಹುದಿತ್ತು, ಯಾರೂ ತಳ್ಳಲಿಲ್ಲ. ಹಳೆಯ ಅಮೃತಶಿಲೆ ಜೇನಿನ ಬಣ್ಣಕ್ಕೆ ತಿರುಗಿದೆ, ದುರಸ್ತಿಗೆ ಹಾಕಿದ ಹೊಸ ತುಂಡು ಬೆಳ್ಳಗೆ ಎದ್ದು ಕಾಣುತ್ತದೆ. ಹೊಸದು ಯಾವುದು ಅಂತ ಮುಚ್ಚಿಡುವುದಿಲ್ಲ, ನನಗೆ ಅದು ಇಷ್ಟವಾಯಿತು. ಕ್ರಿಸ್ತಪೂರ್ವ 447ರಲ್ಲಿ ಕಟ್ಟಲು ಶುರು ಮಾಡಿದ್ದು ಎರಡು ಸಾವಿರ ವರ್ಷ ಹೆಚ್ಚುಕಡಿಮೆ ಇಡಿಯಾಗೇ ಇತ್ತು. 1687ರಲ್ಲಿ ಟರ್ಕರು ಒಳಗೆ ಸಿಡಿಮದ್ದು ತುಂಬಿಟ್ಟಿದ್ದರು, ವೆನಿಸ್‌ನವರು ಗುಂಡು ಹಾರಿಸಿದರು, ನಡುಭಾಗ ಸಿಡಿದುಹೋಯಿತು. ಅಳಿದುಳಿದ ಶಿಲ್ಪಗಳಲ್ಲಿ ಅರ್ಧವನ್ನು ಎಲ್ಗಿನ್ ಅನ್ನುವ ಮಹಾನುಭಾವ ಲಂಡನ್ನಿಗೆ ಸಾಗಿಸಿದ.

ಮೊಣಕಾಲಿನವರಿಗೆ ಎಚ್ಚರಿಕೆ ಏನೆಂದರೆ, ಆ ಬೆಟ್ಟದ ಕಲ್ಲು ಕೋಟಿಗಟ್ಟಲೆ ಜನ ತುಳಿದು ಕನ್ನಡಿ ಆಗಿದೆ. ಮಳೆ ಬಿದ್ದರೆ ಜಾರುತ್ತದೆ. ಮಳೆ ದಿನ ಹತ್ತಬೇಡಿ. ರಬ್ಬರ್ ತಳದ ಶೂ ಬೇಕೇ ಬೇಕು, ಚಪ್ಪಲಿ ಬೇಡ. ನಡೆಯಲು ಕಷ್ಟ ಇರುವವರಿಗೆ ಬೆಟ್ಟದ ಬದಿಯಲ್ಲಿ ಲಿಫ್ಟ್ ಇದೆ, ಮೇಲೆ ಸಮತಟ್ಟಾದ ಕಾಂಕ್ರೀಟ್ ದಾರಿಯೂ ಮಾಡಿದ್ದಾರೆ. ಹಿಂದಿನ ದಿನವೇ ಫೋನ್ ಮಾಡಿ ಲಿಫ್ಟ್ ನಡೆಯುತ್ತಿದೆಯಾ ಅಂತ ಪುಟ್ಟಿ ಕೇಳಲಿ. ಚಳಿಗಾಲದಲ್ಲಿ ಸಂಜೆ ಐದಕ್ಕೆ ಮುಚ್ಚುತ್ತಾರೆ, ಜನವರಿ ಕೊನೆಗೆ ಐದೂವರೆ ದಾಟುತ್ತಿದ್ದಂತೆ ಸೂರ್ಯನೂ ಹೋಗುತ್ತಾನೆ. ಹಾಗಾಗಿ ಬೆಳಗ್ಗೆ ಬೇಗ ಹೊರಡುವುದೇ ಸರಿ. ತಿಂಡಿ ತಿಂದು, ಸ್ನಾನ ಮಾಡಿ, ಪೂಜೆ ಮುಗಿಸಿ ಹತ್ತೂವರೆಗೆ ಹೊರಟರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ.

ಹತ್ತಲು ಆಗದೇ ಹೋದರೂ ಬೇಜಾರಿಲ್ಲ. ಕೆಳಗೇ 2009ರಲ್ಲಿ ತೆರೆದ ಆಕ್ರೊಪೊಲಿಸ್ ಮ್ಯೂಸಿಯಂ ಇದೆ. ಲಿಫ್ಟ್, ಬೆಂಚು, ಬೆಚ್ಚಗೆ, ಎಲ್ಲ ಇದೆ. ಮೇಲಿನ ಮಹಡಿ ಪೂರ್ತಿ ಗಾಜು, ಕೂತಲ್ಲಿಂದಲೇ ಪಾರ್ಥೆನಾನ್ ಕಾಣುತ್ತದೆ. ತಲೆಯ ಮೇಲೆ ಮಾಡು ಹೊತ್ತು ನಿಂತ ಆರು ಹೆಣ್ಣುಮಕ್ಕಳ ಶಿಲ್ಪಗಳಲ್ಲಿ ಐದು ಇಲ್ಲಿವೆ, ಆರನೆಯದು ಲಂಡನ್ನಿನಲ್ಲಿ. ಅದರ ಜಾಗ ಖಾಲಿ ಬಿಟ್ಟಿದ್ದಾರೆ. ಹಿಂದಿನಿಂದ ಹೋಗಿ ಅವರ ಜಡೆ ನೋಡು, ಒಬ್ಬೊಬ್ಬರದು ಒಂದೊಂದು ಥರ ಹೆಣೆದಿದೆ. ಶುಕ್ರವಾರ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ.

ಊಟ. ಅತ್ತೆಯವರಿಗೆ ಹೇಳು, ಗ್ರೀಕರು ನಮಗಿಂತ ದೊಡ್ಡ ಉಪವಾಸದವರು. ಕ್ರಿಸ್‌ಮಸ್‌ಗೆ ಮುಂಚೆ 40 ದಿನ, ಈಸ್ಟರ್‌ಗೆ ಮುಂಚೆ ಇನ್ನೊಂದು ದೊಡ್ಡ ವ್ರತ, ಸಾಲದ್ದಕ್ಕೆ ಮಡಿವಂತರಿಗೆ ಬುಧವಾರ, ಶುಕ್ರವಾರ. ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಆ ಅಡುಗೆಗೆ "ನಿಸ್ತೀಸಿಮೊ" ಅನ್ನುತ್ತಾರೆ. ಆದರೆ ಇಲ್ಲೇ ಒಂದು ಗುಂಡಿ ಇದೆ. ರಕ್ತ ಇಲ್ಲದ ಪ್ರಾಣಿ ಅನ್ನುವ ಲೆಕ್ಕದಲ್ಲಿ ಸಿಗಡಿ, ಆಕ್ಟೋಪಸ್ ವ್ರತಕ್ಕೆ ನಡೆಯುತ್ತದೆ! ಆದ್ದರಿಂದ ಆ ಮಾತನ್ನು ನಂಬಿ ಆರ್ಡರ್ ಮಾಡಬೇಡಿ, ಒಳಗೇನಿದೆ ಕೇಳಿ. ಚಳಿಗಾಲದಲ್ಲಿ ಧೈರ್ಯವಾಗಿ ತಿನ್ನಬಹುದಾದದ್ದು ಬೇಕಾದಷ್ಟಿದೆ. ಫಾಕೆಸ್ ಅಂದರೆ ಮಸೂರದ ಬಿಸಿ ಸೂಪು. ರೆವಿಥಿಯಾ ಅಂದರೆ ಕಡಲೆಯದು. ಗಿಗಾಂಡೆಸ್ ಅಂದರೆ ಟೊಮೆಟೊದಲ್ಲಿ ಬೇಯಿಸಿದ ಹೆಬ್ಬೆರಳು ಗಾತ್ರದ ಬಿಳಿ ಕಾಳು. (ಅವರೆಕಾಯಿ ಸೀಸನ್ ಬಿಟ್ಟು ಬರಬೇಕಲ್ಲ ಅಂತ ಭಾವ ಗೊಣಗಿದರೆ ಇದನ್ನು ಮುಂದೆ ಇಡು.) ಹೋರ್ಟಾ ಅಂತ ಕಾಡುಸೊಪ್ಪು ಬೇಯಿಸಿ, ಆಲಿವ್ ಎಣ್ಣೆ ಹಾಕಿ, ನಿಂಬೆಹಣ್ಣು ಹಿಂಡಿ ಕೊಡುತ್ತಾರೆ. ಮಳೆ ಬಿದ್ದ ಮೇಲೆ ಬರುವ ಸೊಪ್ಪು, ಆದ್ದರಿಂದ ಚಳಿಗಾಲದಲ್ಲೇ ಅದಕ್ಕೆ ರುಚಿ. ಫೆಟಾ ಚೀಸ್‌ಗೆ ಸಾಮಾನ್ಯವಾಗಿ ಪ್ರಾಣಿಯ ರೆನೆಟ್ (ಮರಿಗಳ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ಪದಾರ್ಥ) ಹಾಕುತ್ತಾರೆ, ಅತ್ತೆಯವರಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಅನ್ನ ಬಿಟ್ಟಿರಲಾರೆ ಅಂದರೆ ಪುಟ್ಟಿಯ ರೈಸ್ ಕುಕ್ಕರ್ ತನ್ನಿ. ಇನ್ನು ಅಥಿನಾಸ್ ರಸ್ತೆಯ ದೊಡ್ಡ ಮಾರುಕಟ್ಟೆಯಲ್ಲಿ ಒಂದು ಬದಿ ಪೂರ್ತಿ ಮಾಂಸ, ಮೀನು. ಅತ್ತೆಯವರನ್ನು ಆ ಬದಿಗೆ ಕರೆದೊಯ್ಯಬೇಡ. ರಸ್ತೆ ದಾಟಿದರೆ ತರಕಾರಿ, ಆಲಿವ್, ಒಣಹಣ್ಣು.

ಬೀದಿಯ ಕಿತ್ತಳೆ ಮರಗಳ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಚಳಿಗಾಲದಲ್ಲಿ ಅಥೆನ್ಸ್‌ನ ಫುಟ್‌ಪಾತ್ ಉದ್ದಕ್ಕೂ ಮರದ ತುಂಬ ಹಣ್ಣು, ಕೆಳಗೂ ಉದುರಿ ಬಿದ್ದಿರುತ್ತದೆ, ಯಾರೂ ಮುಟ್ಟುವುದಿಲ್ಲ. ನಮ್ಮವರು ಒಂದು ಕಿತ್ತು ಸುಲಿದು ಬಾಯಿಗಿಟ್ಟರು. ಆಮೇಲಿನ ಮುಖದ ಫೋಟೋ ನನ್ನ ಹತ್ತಿರ ಇದೆ, ಬೇಕಾದರೆ ಕಳಿಸುತ್ತೇನೆ. ನಮ್ಮ ಹೇರಳೆಕಾಯಿ ಇದ್ದ ಹಾಗೆ, ಹುಳಿಯ ಹಿಂದೆಯೇ ಕಹಿ. ಮನೆಗಳಲ್ಲಿ ಅದರ ಸಿಪ್ಪೆಯನ್ನು ಸುರುಳಿ ಸುತ್ತಿ, ಸಕ್ಕರೆ ಪಾಕದಲ್ಲಿ ಹಾಕಿಟ್ಟು, ಬಂದವರಿಗೆ ಚಿಕ್ಕ ತಟ್ಟೆಯಲ್ಲಿ ಒಂದು ಚಮಚ ಕೊಡುತ್ತಾರೆ. ಅಂಗಡಿಯಲ್ಲೂ ಬಾಟಲಿ ಸಿಗುತ್ತದೆ. ದೊಡ್ಡಮ್ಮನಿಗೆ ಒಂದು ತನ್ನಿ.

ಸಿಗದೇ ಇರುವುದೂ ಇದೆ. ಬಯಲು ಸಿನಿಮಾ ಇಲ್ಲ, ಕಡಲ ಸ್ನಾನ ಇಲ್ಲ. ದ್ವೀಪ ನೋಡಲೇಬೇಕು ಅಂತ ಪುಟ್ಟಿ ಅಂದರೆ ಇಜೀನಾಕ್ಕೆ ಹೋಗಿ. ಪಿರೇಯಸ್ ಬಂದರಿನಿಂದ ವೇಗದ ದೋಣಿಯಲ್ಲಿ 40 ನಿಮಿಷ. ಅಲ್ಲಿ ವರ್ಷವಿಡೀ ಜನ ಇರುತ್ತಾರೆ, ಪಿಸ್ತಾಕ್ಕೆ ಹೆಸರಾದ ಜಾಗ. ಬೆಳಗ್ಗೆ ಎದ್ದು ಗಾಳಿ ನೋಡಿ ಟಿಕೆಟ್ ತೆಗೆಯಿರಿ, ಮೊದಲೇ ಬೇಡ. ಊರಿಗೆ ವಾಪಸ್ ಹೊರಡುವ ದಿನವಂತೂ ಬೇಡವೇ ಬೇಡ.

ಸಣ್ಣಪುಟ್ಟ ವಿಷಯ. ಜರ್ಮನಿಯ ವೀಸಾ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್‌ದೇ, ಗ್ರೀಸ್‌ಗೆ ಬೇರೆ ಬೇಡ. ಏರ್‌ಪೋರ್ಟಿನಿಂದ ಮೆಟ್ರೋ ನೇರ ಊರೊಳಗೆ ಬರುತ್ತದೆ. ಆದರೆ ಮುಷ್ಕರ ಅಲ್ಲಿ ಮಾಮೂಲು, ಹಿಂದಿನ ರಾತ್ರಿ ಒಮ್ಮೆ ನೋಡಿಕೊಳ್ಳಿ. ಮೊನಾಸ್ಟಿರಾಕಿ ಕಡೆ ಮೆಟ್ರೋದಲ್ಲಿ ಜೇಬುಗಳ್ಳರಿದ್ದಾರೆ, ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. ಪುರಾತತ್ವ ಮ್ಯೂಸಿಯಂ ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆಗೇ ಮುಚ್ಚುತ್ತದೆ, ಮಂಗಳವಾರ ಮಾತ್ರ ಮಧ್ಯಾಹ್ನ ಒಂದಕ್ಕೆ ತೆರೆದು ರಾತ್ರಿ ಎಂಟರವರೆಗೆ.

ಟಿಕೆಟ್ ಬುಕ್ ಮಾಡುವ ಮುಂಚೆ ತಾರೀಖು ಇಲ್ಲಿ ಹಾಕು. ನವೆಂಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ತಿಂಗಳ ಮೊದಲ ಭಾನುವಾರ ಆಕ್ರೊಪೊಲಿಸ್ ಬೆಟ್ಟ, ಪುರಾತತ್ವ ಮ್ಯೂಸಿಯಂ ಎಲ್ಲ ಉಚಿತ, ಕೆಳಗಿನ ಆಕ್ರೊಪೊಲಿಸ್ ಮ್ಯೂಸಿಯಂ ಮಾತ್ರ ಅದರಲ್ಲಿ ಸೇರಿಲ್ಲ. ಅವತ್ತೇ ಬೆಳಗ್ಗೆ ಹನ್ನೊಂದಕ್ಕೆ ಸಿಂಟಾಗ್ಮಾ ಚೌಕದಲ್ಲಿ ಬ್ಯಾಂಡ್ ಸಮೇತ ಕಾವಲು ಬದಲಾವಣೆಯೂ ಇರುತ್ತದೆ. ಫೆಬ್ರವರಿಯ ಮೊದಲ ಭಾನುವಾರ ಒಳಗೆ ಬರುವ ಹಾಗೆ ಮಾಡಿಕೊಂಡರೆ ದುಡ್ಡು ದಂಡ ಅನ್ನುವ ಭಾವನಿಗೂ ಸಮಾಧಾನ. ರಜೆ ಸಿಕ್ಕರೆ ನಾನೂ ಶುಕ್ರವಾರ ರಾತ್ರಿ ಬಂದು ಸೇರಿಕೊಳ್ಳುತ್ತೇನೆ, ಹೋಟೆಲ್‌ನಲ್ಲಿ ಒಂದು ರೂಮು ಜಾಸ್ತಿ ಇದೆಯಾ ಅಂತ ಕೇಳಿಟ್ಟಿರು.