ಟ್ಯಾಪ್ ಕ್ಲಾಸಿಗೆ ಮಕ್ಕಳನ್ನು ಕಳಿಸುವವರಿಗೆ

ಎಲ್ಲರಿಗೂ ನಮಸ್ಕಾರ. "ಮಗಳು ಟ್ಯಾಪ್ ಕಲೀತೀನಿ ಅಂತಿದ್ದಾಳೆ, ಭರತನಾಟ್ಯ ಬಿಡಿಸಿ ಸೇರಿಸಲಾ?" ಎಂದು ನಿನ್ನೆ ನಮ್ಮ ಕನ್ನಡ ಕೂಟದ ಈ ಗ್ರೂಪಿನಲ್ಲಿ ಒಬ್ಬರು ಕೇಳಿದ್ದರು. ಟ್ಯಾಪ್ ಅಂದರೆ ಲೋಹದ ತುಂಡು ಜಡಿದ ಶೂ ಹಾಕಿ ನೆಲಕ್ಕೆ ಕುಟ್ಟಿ ತಾಳ ಹಾಕುವ ಅಮೆರಿಕದ ಕುಣಿತ. ಎರಡೂ ಇರಲಿ ಮೇಡಂ. ಆದರೆ ಶೂ ಕೊಡಿಸುವಾಗ ಅದರ ಕಥೆಯನ್ನೂ ಸ್ವಲ್ಪ ಹೇಳಿ.

1739ರಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ ಆಫ್ರಿಕಾ ಮೂಲದ ಗುಲಾಮರು ದಂಗೆ ಎದ್ದರು. ಮರುವರ್ಷವೇ ಅವರು ಡ್ರಮ್ ಬಾರಿಸಬಾರದು ಎಂದು ಅಲ್ಲಿ ಕಾನೂನು ಬಂತು. ಡ್ರಮ್ ಹೋಯಿತು, ತಾಳ ಹೋಗಲಿಲ್ಲ. ತೊಡೆ ತಟ್ಟಿ, ಎದೆ ತಟ್ಟಿ, ಹಿಮ್ಮಡಿ ಕುಟ್ಟಿ ಲಯ ಉಳಿಸಿಕೊಂಡರು. ಅದಕ್ಕೆ ಐರಿಷ್ ವಲಸಿಗರ ಹೆಜ್ಜೆಯೂ ಸೇರಿ ಮುಂದೆ ಟ್ಯಾಪ್ ಆಯಿತು.

1935ರ ‘ದಿ ಲಿಟಲ್ ಕರ್ನಲ್’ ಸಿನಿಮಾದಲ್ಲಿ ಕಪ್ಪು ಜನಾಂಗದ ಟ್ಯಾಪ್ ಕಲಾವಿದ ಬಿಲ್ ‘ಬೊಜಾಂಗಲ್ಸ್’ ರಾಬಿನ್ಸನ್, ಬಿಳಿಯ ಬಾಲನಟಿ ಪುಟ್ಟ ಶರ್ಲಿ ಟೆಂಪಲ್ ಕೈ ಹಿಡಿದು ಮೆಟ್ಟಿಲ ಮೇಲೆ ಕುಣಿಯುತ್ತಾರೆ. ಮಕ್ಕಳಿಗೆ ಅದನ್ನು ತೋರಿಸಿ, ಕಾಲಿನ ಸದ್ದು ಕೇಳಿಸಿಕೊಳ್ಳಲಿ. ಅಂಥ ಕಲಾವಿದನಿಗೆ ಸಿಕ್ಕಿದ ಪಾತ್ರ ಮನೆಯಾಳಿನದು. ಅಮೆರಿಕದ ದಕ್ಷಿಣದ ಊರುಗಳಲ್ಲಿ ಕೈ ಕೈ ಹಿಡಿದ ಆ ದೃಶ್ಯಕ್ಕೇ ಕತ್ತರಿ ಬಿತ್ತು. ಮರುವರ್ಷ ಬಿಳಿಯ ನಟ ಫ್ರೆಡ್ ಆಸ್ಟೇರ್ ಮುಖಕ್ಕೆ ಕಪ್ಪು ಬಳಿದುಕೊಂಡು ಬೊಜಾಂಗಲ್ಸ್ ಹೆಸರಲ್ಲೇ ಒಂದು ಡ್ಯಾನ್ಸ್ ಮಾಡಿದರು. ಗೌರವಕ್ಕೆ ಮಾಡಿದ್ದು ಅನ್ನುತ್ತಾರೆ. ಇರಬಹುದು, ಆದರೂ ಮಸಿ ಮಸಿಯೇ ಅಲ್ವಾ?

ಇದರಲ್ಲಿ ನಮಗೇನು ಅನ್ನಬೇಡಿ. 1906ರಲ್ಲಿ ಅಮೆರಿಕದ ನರ್ತಕಿ ರೂತ್ ಸೇಂಟ್ ಡೆನಿಸ್ ನ್ಯೂಯಾರ್ಕಿನಲ್ಲಿ ‘ರಾಧಾ’ ಎಂಬ ನೃತ್ಯ ಮಾಡಿದರು. ಆಗ ಅವರು ಭಾರತ ನೋಡಿಯೇ ಇರಲಿಲ್ಲ. ಪೂರ್ವದ ಹುಚ್ಚು ಹತ್ತಿಸಿದ್ದು ಸಿಗರೇಟ್ ಜಾಹೀರಾತಿನ ಈಜಿಪ್ಟ್ ದೇವತೆ, ಸಂಗೀತ ಫ್ರೆಂಚ್ ಆಪೆರಾದ್ದು! ಹೆಸರು ಮಾತ್ರ ನಮ್ಮ ರಾಧೆಯದು. ಅದೇ ದೇಶ 1917ರಲ್ಲಿ ಭಾರತೀಯರ ವಲಸೆಗೆ ಬಾಗಿಲು ಹಾಕಿತು. 1923ರಲ್ಲಿ, ಅಲ್ಲಿ ನೆಲೆಸಿದ್ದ ಪಂಜಾಬಿನ ಭಗತ್ ಸಿಂಗ್ ತಿಂದ್ ಎಂಬವರ ಪ್ರಕರಣದಲ್ಲಿ, ಬಿಳಿಯರಲ್ಲದ ನಿಮಗೆ ಪೌರತ್ವ ಇಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ವೇಷ ಬೇಕಿತ್ತು, ನಾವು ಬೇಡವಾಗಿದ್ದೆವು.

ಹಾಗಂತ ಸುಮ್ನೆ ಅವರ ಕಡೆಗಷ್ಟೇ ಬೆರಳು ತೋರಿಸಿದರೆ ಇಲ್ಲಿ ಬೆಳೆದ ಮಕ್ಕಳು ನಮ್ಮನ್ನೇ ಹಿಡಿದು ಕೇಳುತ್ತಾರೆ. ದೇವದಾಸಿಯರ ಕುಣಿತ ಒಳ್ಳೆ ಮನೆತನದವರ ಭರತನಾಟ್ಯ ಆದದ್ದು ಹೇಗೆ? ಆ ಹೆಂಗಸರು ಏನಾದರು? ಮೈಸೂರು ಸಂಸ್ಥಾನ 1909ರಲ್ಲೇ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತ್ತು. ಸೇವೆ ನಿಂತದ್ದು ಸರಿಯೇ, ಆದರೆ ಕಲೆ ಉಳಿಸಿದವರ ಹೆಸರೂ ಜೊತೆಗೇ ಅಳಿಸಿಹೋಗಬೇಕಿತ್ತಾ? ಮೈಸೂರು ಅರಮನೆಯ ನರ್ತಕಿ ಜಟ್ಟಿ ತಾಯಮ್ಮ, ಅವರ ಶಿಷ್ಯೆ ಲಂಬಾಣಿ ಕುಟುಂಬದ ವೆಂಕಟಲಕ್ಷಮ್ಮ, ಇವರ ಹೆಸರನ್ನು ನಮ್ಮ ಕೂಟದ ವೇದಿಕೆಯಲ್ಲಿ ನಾನಂತೂ ಕೇಳಿಲ್ಲ.

ಈ ಸಲ ಯುಗಾದಿಗೆ ನಿರೂಪಣೆ ಬರೆಯುವವರು ಯಾರು? ಮೆಸೇಜ್ ಮಾಡಿ, ಎರಡು ಸಾಲು ನಾನೇ ಬರೆದು ಕೊಡುತ್ತೇನೆ.