ಸಹಾಯ ಬೇಕು: ಸೊಪ್ಪು ತಿನ್ನದ ಮಗಳಿಗೆ ಆಹಾರದಿಂದ ಕಬ್ಬಿಣಾಂಶ ಒದಗಿಸುವುದು ಹೇಗೆ?

14 ವರ್ಷದ ನನ್ನ ಮಗಳಿಗೆ ಹಿಮೋಗ್ಲೋಬಿನ್ 10.8ಕ್ಕೆ ಇಳಿದಿದ್ದು, ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ತಪ್ಪದೆ ಕೊಡುತ್ತಿದ್ದೇನೆ. ಆದರೆ ಮಾತ್ರೆಗಳು ಮುಗಿದ ಮೇಲೂ ದಿನನಿತ್ಯದ ಊಟದಿಂದಲೇ ಅವಳಿಗೆ ಸಾಕಷ್ಟು ಕಬ್ಬಿಣಾಂಶ ಸಿಗುವಂತಾಗಬೇಕೆಂಬುದು ನನ್ನ ಆಸೆ. ನಾವು ಸಸ್ಯಾಹಾರಿಗಳು. ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ದೇಹವು ಮಾಂಸದಲ್ಲಿರುವುದರಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ, ಜೊತೆಗೆ ಸಿ ಜೀವಸತ್ವವಿದ್ದರೆ ಹೀರಿಕೆ ಹೆಚ್ಚುತ್ತದೆ, ಚಹಾ ಕುಡಿದರೆ ತಗ್ಗುತ್ತದೆ ಎಂದು ತಿಳಿದ ಮೇಲೆ, ಊಟದ ಹೊತ್ತಿನ ಚಹಾವನ್ನು ನಿಲ್ಲಿಸಿ, ಬೆಂದ ಕಾಳಿಗೆ ಒಲೆ ಆರಿಸಿದ ನಂತರವೇ ನಿಂಬೆರಸ ಹಿಂಡುತ್ತಿದ್ದೇನೆ. ಸೊಪ್ಪಿನದೇ ಚಿಂತೆ: ಅವಳು ಒಂದೊಂದೇ ಎಲೆಯನ್ನು ಆಯ್ದು ತಟ್ಟೆಯ ಅಂಚಿಗೆ ಸರಿಸುತ್ತಾಳೆ, ಒತ್ತಾಯಿಸಲು ನನಗೆ ಮನಸ್ಸಾಗುವುದಿಲ್ಲ. ಇಂಥ ಮಕ್ಕಳಿಗೆ ಮೊಳಕೆಕಾಳು, ಎಳ್ಳು, ಕುಂಬಳಬೀಜಗಳನ್ನು ಯಾವ ರೀತಿಯಲ್ಲಿ ರುಚಿಯಾಗಿ ಮಾಡಿಕೊಟ್ಟಿರಿ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.